ರೋಬಾಟ್ ಕೈಗೆ ಕರುಳನ್ನು ಒಪ್ಪಿಸುವ ಮುನ್ನ

ರೋಬಾಟ್ ಶಸ್ತ್ರಚಿಕಿತ್ಸೆ ಎಂದೊಡನೆ ಯಂತ್ರವೇ ಹೊಟ್ಟೆ ಕೊಯ್ದು, ತಾನೇ ಹೊಲಿಗೆ ಹಾಕುವ ಚಿತ್ರ ಕಣ್ಣಮುಂದೆ ಬರುತ್ತದೆ. ವಾಸ್ತವ ಅಷ್ಟು ರೋಚಕವಲ್ಲ. ಅಮೆರಿಕದಲ್ಲಿ 2000ರಲ್ಲಿ ಅನುಮತಿ ಪಡೆದ ‘ಡ ವಿಂಚಿ’ ಯಂತ್ರವು ಸ್ವಂತ ಬುದ್ಧಿಯಿಂದ ಏನನ್ನೂ ಕತ್ತರಿಸುವುದಿಲ್ಲ. ಅದೇ ಕೊಠಡಿಯಲ್ಲಿ ಕುಳಿತ ವೈದ್ಯರ ಬೆರಳು ಆಡಿದಂತೆ ಒಳಗಿನ ಪುಟ್ಟ ಉಪಕರಣವೂ ಆಡುತ್ತದೆ. ಕೈನಡುಕವನ್ನಷ್ಟೇ ಅದು ಸೋಸಿಬಿಡುತ್ತದೆ.

ಕರುಳಿನ ದೀರ್ಘಕಾಲದ ಉರಿಯೂತದಿಂದ ನರಳುವವರಿಗೆ ಇದರಿಂದೇನು ಲಾಭ? ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳು ಮತ್ತು ಗುದನಾಳದ ಕಾಯಿಲೆ. ಔಷಧಕ್ಕೆ ಬಗ್ಗದಿದ್ದಾಗ ಅವೆರಡನ್ನೂ ತೆಗೆದು, ಸಣ್ಣ ಕರುಳಿನ ತುದಿಯಿಂದ ಚೀಲವೊಂದನ್ನು ರೂಪಿಸಿ ಗುದದ್ವಾರಕ್ಕೆ ಜೋಡಿಸಬಹುದು. ಲಂಡನ್ನಿನ ಅಲನ್ ಪಾರ್ಕ್ಸ್ ಮತ್ತು ಜಾನ್ ನಿಕೋಲ್ಸ್ 1978ರಲ್ಲಿ ವರದಿ ಮಾಡಿದ ಈ ವಿಧಾನವು, ಹೊಟ್ಟೆಯ ಮೇಲೆ ಜೀವನವಿಡೀ ಮಲದ ಚೀಲ ಹೊರುವ ಸಂಕಟದಿಂದ ಅನೇಕರನ್ನು ಪಾರುಮಾಡಿದೆ. ಕಷ್ಟವಿರುವುದು ಸೊಂಟದ ಎಲುಬುಗಳ ನಡುವಿನ ಇಕ್ಕಟ್ಟಿನಲ್ಲಿ. ಮೂತ್ರವಿಸರ್ಜನೆ ಹಾಗೂ ಲೈಂಗಿಕ ಸಾಮರ್ಥ್ಯದ ಸೂಕ್ಷ್ಮ ನರಗಳು ಗುದನಾಳದ ಪಕ್ಕದಲ್ಲೇ ಸಾಗುತ್ತವೆ. ಈ ರೋಗಿಗಳಲ್ಲಿ ಅನೇಕರು ಮದುವೆ, ಮಕ್ಕಳ ಕನಸು ಕಾಣುವ ವಯಸ್ಸಿನವರು. ಲ್ಯಾಪರೊಸ್ಕೋಪಿಯ ನೇರ ಕಡ್ಡಿ ಪರದಾಡುವ ಆ ಮೂಲೆಯಲ್ಲಿ, ಮಣಿಕಟ್ಟಿನಂತೆ ಬಾಗುವ ಉಪಕರಣ ಅನುಕೂಲವೆಂಬ ಶಸ್ತ್ರವೈದ್ಯರ ವಾದದಲ್ಲಿ ಹುರುಳಿದೆ.

ಆದರೆ ಹುರುಳಿರುವುದು ಬೇರೆ, ಸಾಬೀತಾಗುವುದು ಬೇರೆ. ಗುದನಾಳದ ಕ್ಯಾನ್ಸರ್ ಇದ್ದ 471 ಮಂದಿಯ ಮೇಲೆ ನಡೆದ ‘ರೋಲಾರ್’ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ನಡುವೆಯೇ ಹೊಟ್ಟೆ ತೆರೆಯಬೇಕಾಗಿ ಬಂದದ್ದು ಲ್ಯಾಪರೊಸ್ಕೋಪಿಯಲ್ಲಿ ಶೇ 12.2, ರೋಬಾಟ್‌ನಲ್ಲಿ ಶೇ 8.1. ಈ ಅಂತರ ಆಕಸ್ಮಿಕವಲ್ಲವೆಂದು ಹೇಳಲು ಸಂಖ್ಯಾಶಾಸ್ತ್ರ ಒಪ್ಪಲಿಲ್ಲ. ಮೂತ್ರ, ಲೈಂಗಿಕ ತೊಂದರೆಗಳಲ್ಲೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2022ರಲ್ಲಿ ಪ್ರಕಟವಾದ ಚೀನಾದ ದೊಡ್ಡ ಅಧ್ಯಯನ ರೋಬಾಟ್‌ನತ್ತ ವಾಲಿತು. ಎರಡೂ ಕ್ಯಾನ್ಸರಿನವು, ಉರಿಯೂತದ ರೋಗಿಗೆ ಅವನ್ನು ಹಾಗೆಯೇ ಅನ್ವಯಿಸುವಂತಿಲ್ಲ.

ಕ್ರೋನ್ಸ್ ಕಾಯಿಲೆಯ ಕಥೆಯೇ ಬೇರೆ. ಅದು ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದು. ಕತ್ತರಿಸಿ ಜೋಡಿಸಿದ ಜಾಗದಲ್ಲೇ ಮರಳಬಹುದು. ಆದ್ದರಿಂದ ಎಷ್ಟು ಕರುಳು ಉಳಿಯಿತು ಎಂಬುದೇ ಇಲ್ಲಿ ಮುಖ್ಯ. ನಮ್ಮ ದೇಶದಲ್ಲಂತೂ ಕರುಳಿನ ಕ್ಷಯ ಇದೇ ವೇಷದಲ್ಲಿ ಬರುತ್ತದೆ. ಕ್ಷಯವಾದರೆ ಬಹುತೇಕ ಮಾತ್ರೆಯಲ್ಲೇ ಗುಣವಾಗುತ್ತದೆ. ಎಂಡೋಸ್ಕೋಪಿ, ಬಯಾಪ್ಸಿಗಳ ನೆರವಿನಿಂದ, ತಾಳ್ಮೆಯಿಂದ ಇವೆರಡನ್ನು ಬಿಡಿಸಿ ನೋಡುವ ಕೆಲಸ ರೋಬಾಟ್‌ನದಲ್ಲ.

ವಿಮಾ ನಿಯಂತ್ರಣ ಪ್ರಾಧಿಕಾರದ 2019ರ ಮಾರ್ಗಸೂಚಿಯಿಂದ ರೋಬಾಟ್ ಚಿಕಿತ್ಸೆಗೂ ವಿಮೆಯ ಬಾಗಿಲು ತೆರೆದಿದೆ. ಆದರೂ ಹಲವು ಪಾಲಿಸಿಗಳು ಅದಕ್ಕೆ ಪ್ರತ್ಯೇಕ ಮಿತಿ ಹಾಕುತ್ತವೆ. ಮಿತಿ ಮೀರಿದ ಹಣ ಮನೆಯವರೇ ಹೊಂದಿಸಬೇಕು. ಸಾಲಕ್ಕೆ ಸಹಿ ಹಾಕುವ ಮುನ್ನ ಯಂತ್ರದ ಬೆಲೆಗಿಂತ, ಇಂಥ ಕರುಳಿನ ಚೀಲಗಳನ್ನು ತಾವು ಎಷ್ಟು ಕಟ್ಟಿದ್ದೀರಿ, ಅವುಗಳಲ್ಲಿ ಎಷ್ಟು ಸೋರಿದವು ಎಂದು ವೈದ್ಯರನ್ನು ಕೇಳಬೇಕು. ಕೇಳಿದ್ದಕ್ಕೆ ಮುನಿಯುವ ವೈದ್ಯರಿದ್ದರೆ ಇನ್ನೊಬ್ಬರ ಅಭಿಪ್ರಾಯ ಪಡೆಯುವುದು ಒಳಿತು.