ಅಳತೆಗೂ ಊಹೆಗೂ ಸಮಪಾಲು

2014ರ ಫೆಬ್ರುವರಿ. ಇಂಗ್ಲೆಂಡಿನ ಸಾಮರ್‌ಸೆಟ್ ಬಯಲು ವಾರಗಟ್ಟಲೆ ನೀರಿನಲ್ಲಿ ಮುಳುಗಿತ್ತು. ಈ ನೆರೆಗೂ ಹವಾಮಾನ ಬದಲಾವಣೆಗೂ ನಂಟಿದೆಯೇ ಎಂದು ಕೇಳಲು ಬಿಬಿಸಿ ರೇಡಿಯೋದ ಬೆಳಗಿನ ‘ಟುಡೇ’ ಕಾರ್ಯಕ್ರಮ ಇಬ್ಬರನ್ನು ಕರೆಸಿತು. ಒಬ್ಬರು ಹವಾಮಾನ ವಿಜ್ಞಾನಿ ಸರ್ ಬ್ರಯಾನ್ ಹಾಸ್ಕಿನ್ಸ್. ಇನ್ನೊಬ್ಬರು ಥ್ಯಾಚರ್ ಸರ್ಕಾರದಲ್ಲಿ ಹಣಕಾಸು ಸಚಿವರಾಗಿದ್ದ ನೈಜೆಲ್ ಲಾಸನ್. ಭೂಮಿಯ ಹೆಚ್ಚುವರಿ ಶಾಖವನ್ನು ಸಾಗರ ಹೀರಿಕೊಳ್ಳುತ್ತಿದೆ ಎಂದು ಹಾಸ್ಕಿನ್ಸ್ ವಿವರಿಸಿದಾಗ ಲಾಸನ್ ಅದು ಬರೀ ಊಹೆ ಎಂದರು. ಅಲ್ಲ, ಅಳೆದು ನೋಡಿದ್ದು ಎಂದರು ಹಾಸ್ಕಿನ್ಸ್. ನಿರೂಪಕರು ನಡುವೆ ಬಂದು, ಎರಡೂ ಸೇರಿದೆ ಅಲ್ಲವೇ ಎಂದುಬಿಟ್ಟರು.

ಎರಡೂ ಸೇರಿರಲಿಲ್ಲ. ಆ ಹೊತ್ತಿಗೆ ಜಗತ್ತಿನ ಸಾಗರಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ‘ಆರ್ಗೋ’ ತೇಲುಯಂತ್ರಗಳು 2,000 ಮೀಟರ್ ಆಳದವರೆಗೂ ಇಳಿದು ಉಷ್ಣಾಂಶ ದಾಖಲಿಸುತ್ತಿದ್ದವು. ಇಬ್ಬರಿಗೂ ನೋವಾಗದಂತೆ ಆಡಿದ ಒಂದು ಮಾತಿನಿಂದ ಅಷ್ಟೂ ಅಳತೆ ಅರೆಬರೆ ಊಹೆಯಾಗಿ ಲಕ್ಷಾಂತರ ಕೇಳುಗರಿಗೆ ತಲುಪಿತು. ಇನ್ನೂ ಒಂದು ಅನ್ಯಾಯ ನಡೆದಿತ್ತು. ಒಂದೇ ನೆರೆಗೆ ಇದೇ ಕಾರಣ ಎನ್ನಲಾಗದು, ಆದರೆ ಇಂಥವುಗಳ ಸಾಧ್ಯತೆ ಹೆಚ್ಚುತ್ತಿದೆ ಎಂದು ಹಾಸ್ಕಿನ್ಸ್ ತೂಗಿ ಮಾತಾಡಿದರು. ವಿಜ್ಞಾನಿ ಮಾತಾಡಬೇಕಾದದ್ದೇ ಹಾಗೆ. ಆದರೆ ಖಡಾಖಂಡಿತವಾಗಿ ಮಾತಾಡುವ ರಾಜಕಾರಣಿಯ ಎದುರು ಆ ಎಚ್ಚರವೇ ಹಿಂಜರಿಕೆಯಂತೆ ಕೇಳಿಸುತ್ತದೆ.

ಈ ಅಪಾಯವನ್ನು ಬಿಬಿಸಿಗೆ ಯಾರೂ ತಿಳಿಸಿರಲಿಲ್ಲವೆಂದಲ್ಲ. ಸಂಸ್ಥೆಯ ಆಡಳಿತ ಮಂಡಳಿಯೇ ತಳಿವಿಜ್ಞಾನಿ ಸ್ಟೀವ್ ಜೋನ್ಸ್ ಅವರಿಂದ ವಿಜ್ಞಾನ ಪ್ರಸಾರದ ವಿಮರ್ಶೆ ಮಾಡಿಸಿ, 2011ರಲ್ಲಿ ಪ್ರಕಟಿಸಿತ್ತು. ಬಹುಪಾಲು ಕೆಲಸವನ್ನು ಮೆಚ್ಚಿದ ಜೋನ್ಸ್, ವಿಜ್ಞಾನಿಗಳ ನಡುವೆ ಇತ್ಯರ್ಥವಾದ ಸಂಗತಿಗೂ ಹಟ ಹಿಡಿದು ಎದುರಾಳಿಯನ್ನು ಹುಡುಕಿ ತರುವುದನ್ನು ಮಾತ್ರ ಖಂಡಿಸಿದ್ದರು.

ಈ ಹಟದ ಬೆಲೆ ತೆತ್ತವರು ಮಕ್ಕಳು. 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೀ 12 ಮಕ್ಕಳ ವರದಿಯೊಂದನ್ನು ಪ್ರಕಟಿಸಿದರು. ದಡಾರ, ಮಂಗನಬಾವು, ರುಬೆಲ್ಲಾಗಳಿಗೆ ಒಟ್ಟಿಗೆ ಕೊಡುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಭಯ ಅಲ್ಲಿಂದ ಹಬ್ಬಿತು. ದೊಡ್ಡ ಅಧ್ಯಯನಗಳಲ್ಲಿ ಅಂಥ ನಂಟು ಕಾಣಲಿಲ್ಲ. ಆದರೂ ಮಾಧ್ಯಮಗಳಲ್ಲಿ ಎರಡು ಪಕ್ಷಗಳ ಜಟಾಪಟಿ ನಡೆದೇ ಇತ್ತು. ಆ ಸುದ್ದಿ ಭರದಲ್ಲಿದ್ದ 2002ರಲ್ಲಿ ಕಾರ್ಡಿಫ್ ವಿಶ್ವವಿದ್ಯಾಲಯದ ಸಂಶೋಧಕರು ಜನರನ್ನು ಕೇಳಿದಾಗ, ಎರಡೂ ಕಡೆ ಸಮನಾದ ಪುರಾವೆಯಿದೆ ಎಂದು ನಂಬಿದವರು ಶೇ. 53. ಪುರಾವೆಯ ಬಹುಪಾಲು ಲಸಿಕೆಯ ಪರವಾಗಿದೆ ಎಂದು ತಿಳಿದಿದ್ದವರು ಶೇ. 23 ಮಾತ್ರ. ಜನ ದಡ್ಡರಾಗಿರಲಿಲ್ಲ. ಇಬ್ಬರಿಗೂ ಒಂದೇ ಅಳತೆಯ ಸಮಯ ಸಿಕ್ಕಿದ್ದನ್ನು ನೋಡಿ ಪುರಾವೆಯೂ ಅಷ್ಟೇ ಇದ್ದೀತು ಎಂದುಕೊಂಡಿದ್ದರು. 2003–04ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಲಸಿಕೆ ಪಡೆದ ಎಳೆಯರ ಪ್ರಮಾಣ ಶೇ. 80ರ ಆಸುಪಾಸಿಗೆ ಇಳಿಯಿತು. ಲ್ಯಾನ್ಸೆಟ್ ಆ ವರದಿಯನ್ನು ಹಿಂತೆಗೆದುಕೊಂಡದ್ದು 2010ರಲ್ಲಿ. ಅದಾದ ಮೇಲೂ, 2012–13ರಲ್ಲಿ, ವೇಲ್ಸ್‌ನ ಸ್ವಾನ್ಸೀ ಸುತ್ತಮುತ್ತ 1,200ಕ್ಕೂ ಹೆಚ್ಚು ದಡಾರ ಪ್ರಕರಣಗಳು ವರದಿಯಾದವು. ಆ ಭಯದ ವರ್ಷಗಳಲ್ಲಿ ಲಸಿಕೆ ತಪ್ಪಿಸಿಕೊಂಡಿದ್ದ ಹದಿಹರೆಯದವರೇ ಅವರಲ್ಲಿ ಬಹಳ ಮಂದಿ.

ಲಾಸನ್ 2017ರ ಆಗಸ್ಟ್‌ನಲ್ಲಿ ಮತ್ತೆ ಅದೇ ಕಾರ್ಯಕ್ರಮಕ್ಕೆ ಬಂದು, ಹತ್ತು ವರ್ಷಗಳಲ್ಲಿ ಜಗತ್ತಿನ ಸರಾಸರಿ ಉಷ್ಣಾಂಶ ತುಸು ಇಳಿದಿದೆ ಎಂದರು. ಹಿಂದಿನ ಮೂರು ವರ್ಷಗಳು ಒಂದರ ಮೇಲೊಂದು ತಾಪದ ದಾಖಲೆ ಮುರಿದಿದ್ದವು. ಯಾರೂ ತಿದ್ದಲಿಲ್ಲ. ನಿಯಂತ್ರಣ ಸಂಸ್ಥೆ ಆಫ್‌ಕಾಮ್ ಮರುವರ್ಷ ಇದು ನಿಯಮೋಲ್ಲಂಘನೆ ಎಂದು ತೀರ್ಪಿತ್ತಿತು. ಹವಾಮಾನ ಬದಲಾವಣೆಯನ್ನೇ ಅಲ್ಲಗಳೆಯುವವರನ್ನು ಸಮತೋಲನಕ್ಕೆಂದು ಕರೆಸಬೇಕಿಲ್ಲ ಎಂದು ಬಿಬಿಸಿ ತನ್ನ ಪತ್ರಕರ್ತರಿಗೆ ಸೂಚಿಸಿದ್ದೂ ಅದೇ 2018ರಲ್ಲಿ.

ರಾಜಕೀಯದಲ್ಲಿ ಗೆರೆ ಇಷ್ಟು ಸ್ಪಷ್ಟವಾಗಿರುವುದಿಲ್ಲ. ಐರೋಪ್ಯ ಒಕ್ಕೂಟದಲ್ಲಿ ಬ್ರಿಟನ್ ಉಳಿಯಬೇಕೇ ಎಂಬ 2016ರ ಪ್ರಶ್ನೆಗೆ ಮೀನುಗಾರನ ಉತ್ತರಕ್ಕೂ ಪ್ರಾಧ್ಯಾಪಕನ ಉತ್ತರಕ್ಕೂ ಒಂದೇ ತೂಕ. ಅಲ್ಲಿ ಸಮತೋಲನ ಬೇಕೇಬೇಕು. ಹೊರಬಂದರೆ ಆರ್ಥಿಕತೆಗೆ ಏನಾದೀತು ಎಂಬುದು ಮಾತ್ರ ಬಲ್ಲವರನ್ನು ಕೇಳಬೇಕಾದ ಪ್ರಶ್ನೆ. ಆ ವರ್ಷದ ಸಮೀಕ್ಷೆಯೊಂದಕ್ಕೆ ಉತ್ತರಿಸಿದ 600ಕ್ಕೂ ಹೆಚ್ಚು ಅರ್ಥಶಾಸ್ತ್ರಜ್ಞರಲ್ಲಿ ಶೇ. 88 ಮಂದಿ, ಮುಂದಿನ ಐದು ವರ್ಷ ಬೆಳವಣಿಗೆಗೆ ಪೆಟ್ಟು ಬೀಳುತ್ತದೆ ಎಂದಿದ್ದರು. ಚರ್ಚೆಯ ಮೇಜಿಗೆ ಬಂದಾಗ ಆ ಕಡೆಯಿಂದ ಒಬ್ಬರು, ಈ ಕಡೆಯಿಂದ ಒಬ್ಬರು. ಯಾರ ಬೆನ್ನಿಗೆ ಎಷ್ಟು ಮಂದಿ ಇದ್ದಾರೆಂದು ಹೇಳಲು ಅರ್ಧ ನಿಮಿಷ ಸಾಕಿತ್ತು. ಅದನ್ನು ಕೇಳಿದ ಮೇಲೂ ಮತದಾರ ಹೊರಬರೋಣ ಎಂದೇ ತೀರ್ಮಾನಿಸಬಹುದಿತ್ತು. ನಷ್ಟದ ಅಂದಾಜು ತಿಳಿದೂ ಹಾಗೆ ತೀರ್ಮಾನಿಸುವ ಹಕ್ಕು ಅವನಿಗಿತ್ತು.