ಚಿಟ್ಟೆ ಪಾರ್ಕ್ ಒಳಗೇನಿದೆ? ಎಮರಾಲ್ಡ್ ಗುಡ್ಡದಲ್ಲೇನಿದೆ?

ಎಮರಾಲ್ಡ್: ಎಲೆಕೋಸಿನ ಹೊಲದ ಮೇಲೆ ಬಿಳಿ ಚಿಟ್ಟೆಗಳು ಹಾರಾಡಿದರೆ ಇಲ್ಲಿನ ರೈತನಿಗೆ ಖುಷಿಯಾಗುವುದಿಲ್ಲ. ಹುಳ ಬಿತ್ತು ಎಂದುಕೊಂಡು ಮದ್ದಿನ ಪಂಪನ್ನು ಹೆಗಲಿಗೇರಿಸುತ್ತಾನೆ. ಅದೇ ರೈತ ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿಗೆ ಹೋದರೆ ಬನ್ನೇರುಘಟ್ಟದಲ್ಲಿ ಟಿಕೆಟ್ ತೆಗೆದುಕೊಂಡು, ಸಾಲಿನಲ್ಲಿ ನಿಂತು ಚಿಟ್ಟೆ ನೋಡಿ ಬರುತ್ತಾನೆ! ಊರಿನಲ್ಲಿ ಶತ್ರು, ಪಾರ್ಕಿನಲ್ಲಿ ಅತಿಥಿ.

ಇದರಲ್ಲಿ ನಗುವಂಥದ್ದೇನೂ ಇಲ್ಲ. ಸಾಲ ಮಾಡಿ ಕೋಸು ಹಾಕಿದವನಿಗೆ ಎಲೆ ತೂತಾದರೆ ಮಾರುಕಟ್ಟೆಯಲ್ಲಿ ಬೆಲೆ ಸಿಗುವುದಿಲ್ಲ. ಆದರೆ ಊಟಿಗೆ ಬರುವ ಪ್ರವಾಸಿಗರು ಎಮರಾಲ್ಡ್, ಅವಲಾಂಚೆ ಕಡೆಗೂ ಬರುತ್ತಿರುವಾಗ 'ನಮ್ಮಲ್ಲೂ ಒಂದು ಚಿಟ್ಟೆ ಪಾರ್ಕ್ ಆಗಬಾರದೇ' ಎಂಬ ಪ್ರಶ್ನೆ ಏಳುವುದು ಸಹಜ. ಅದಕ್ಕೆ ಉತ್ತರ ಹೇಳಬೇಕಾದರೆ ಚಿಟ್ಟೆ ಪಾರ್ಕ್ ಎಂದರೇನು, ಅಲ್ಲಿ ದಿನವೂ ನಡೆಯುವ ಕೆಲಸ ಯಾವುದು, ಅದರಿಂದ ಕಾಡಿಗೆ ನಿಜವಾಗಿ ಲಾಭವಿದೆಯೇ ಎಂಬುದನ್ನು ಮೊದಲು ತಿಳಿಯಬೇಕು.

ಗಾಜಿನ ಮನೆಯ ಹಿಂದಿನ ಕೆಲಸ

ಬನ್ನೇರುಘಟ್ಟದ ಚಿಟ್ಟೆ ಪಾರ್ಕ್ ಉದ್ಘಾಟನೆಯಾದದ್ದು 2006ರ ನವೆಂಬರಿನಲ್ಲಿ. ದೇಶದ ಮೊದಲ ಚಿಟ್ಟೆ ಪಾರ್ಕ್ ಎಂಬ ಹೆಸರು ಅದಕ್ಕಿದೆ. ಕರ್ನಾಟಕ ಮೃಗಾಲಯ ಪ್ರಾಧಿಕಾರ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಮತ್ತು 'ಏಟ್ರೀ' ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ್ದು ಅದು. ಏಳೂವರೆ ಎಕರೆ ಜಾಗ. ನಡುವೆ ಸುಮಾರು 10,000 ಚದರ ಅಡಿಯ ಗುಂಡಗಿನ ಮನೆ, ಮೇಲೆ ಬೆಳಕು ಹಾಯುವ ಪಾಲಿಕಾರ್ಬೊನೇಟ್ ಚಾವಣಿ. ಒಳಗೆ ಕೃತಕ ಜಲಪಾತ, ಕಾಲುದಾರಿ, ಹೂಗಿಡ. ಪಕ್ಕದಲ್ಲಿ ಒಂದು ಮ್ಯೂಸಿಯಂ.

ತಮಿಳುನಾಡಿನ ಕಡೆ ಬಂದರೆ ತಿರುಚ್ಚಿ ಬಳಿ ಶ್ರೀರಂಗದ ಮೇಲೂರಿನಲ್ಲಿ ಅರಣ್ಯ ಇಲಾಖೆಯ 'ಉಷ್ಣವಲಯ ಚಿಟ್ಟೆ ಸಂರಕ್ಷಣಾ ಕೇಂದ್ರ'ವಿದೆ. ತಮಿಳಿನಲ್ಲಿ 'ವಣ್ಣತ್ತುಪ್ಪೂಚ್ಚಿ ಪೂಂಗಾ' ಎಂದರೆ ಆಟೋದವರು ಬಿಡುತ್ತಾರೆ. 2015ರ ನವೆಂಬರಿನಲ್ಲಿ ಆಗಿನ ಮುಖ್ಯಮಂತ್ರಿ ಜಯಲಲಿತಾ ಉದ್ಘಾಟಿಸಿದ ಈ ಕೇಂದ್ರ ಸುಮಾರು 25 ಎಕರೆಯಷ್ಟಿದೆ. ಕಾವೇರಿ ಮತ್ತು ಕೊಳ್ಳಿಡಂ ನಡುವಿನ ಹಸಿರು ಜಾಗವಾದ್ದರಿಂದ ಬಲೆಯ ಮನೆಯ ಹೊರಗೂ ಚಿಟ್ಟೆಗಳು ತಾವಾಗಿಯೇ ಬಂದು ನೆಲೆಸಿವೆ.

ನೋಡುಗರ ಕಣ್ಣಿಗೆ ಬೀಳುವುದು ಹಾರುವ ಬಣ್ಣ ಮಾತ್ರ. ಸಿಬ್ಬಂದಿಯ ಕೆಲಸವೆಲ್ಲ ಹಾರದ ಹುಳುವಿನ ಜೊತೆ. ಒಂದು ಲೆಕ್ಕದಲ್ಲಿ ಚಿಟ್ಟೆ ಸಾಕಣೆ ಎಂದರೆ ಸೊಪ್ಪು ಬೇಸಾಯವೇ. ರೇಷ್ಮೆ ಸಾಕಿದವರಿಗೆ ಇದು ತಟ್ಟನೆ ಅರ್ಥವಾದೀತು. ವ್ಯತ್ಯಾಸವೆಂದರೆ ರೇಷ್ಮೆಗೆ ಹಿಪ್ಪುನೇರಳೆ ಒಂದೇ ಸಾಕು. ಇಲ್ಲಿ ಒಂದೊಂದು ಜಾತಿಗೆ ಒಂದೊಂದು ಗಿಡ. ನಿಂಬೆ ಚಿಟ್ಟೆಗೆ ನಿಂಬೆ ಜಾತಿಯ ಎಲೆ, ಕಾಮನ್ ಮಾರ್ಮನ್‌ಗೆ ಕರಿಬೇವು, ಪ್ಲೇನ್ ಟೈಗರ್‌ಗೆ ಎಕ್ಕ, ರೋಸ್ ಚಿಟ್ಟೆಗಳಿಗೆ ಈಶ್ವರಿ ಬಳ್ಳಿ. ತಪ್ಪು ಎಲೆ ಇಟ್ಟರೆ ಹುಳು ಉಪವಾಸ ಸಾಯುತ್ತದೆಯೇ ಹೊರತು ಬಾಯಿ ಹಾಕುವುದಿಲ್ಲ.

ಹೆಣ್ಣು ಚಿಟ್ಟೆ ಎಲೆಯ ಮೇಲೆ ಕುಳಿತು ಮುಂಗಾಲುಗಳಿಂದ ತಟ್ಟಿ ರುಚಿ ನೋಡುತ್ತದೆ. ಹೌದು, ಅದಕ್ಕೆ ರುಚಿ ತಿಳಿಯುವುದು ಕಾಲಿನಲ್ಲಿ! ಸರಿಯಾದ ಗಿಡವೆಂದು ಖಾತ್ರಿಯಾದರೆ ಮಾತ್ರ ಮೊಟ್ಟೆ. ಸಿಬ್ಬಂದಿ ಆ ಮೊಟ್ಟೆಗಳನ್ನು ಎಲೆ ಸಮೇತ ತೆಗೆದು ಸಾಕಣೆ ಕೋಣೆಗೆ ಒಯ್ಯುತ್ತಾರೆ. ಬೆಚ್ಚಗಿನ ಸೀಮೆಯಲ್ಲಿ ನಾಲ್ಕೈದು ದಿನಕ್ಕೆ ಹುಳು ಹೊರಬರುತ್ತದೆ. ಅನೇಕ ಜಾತಿಗಳಲ್ಲಿ ಅದರ ಮೊದಲ ಊಟ ತನ್ನದೇ ಮೊಟ್ಟೆಯ ಸಿಪ್ಪೆ. ಎರಡು ಮೂರು ವಾರ ತಿನ್ನುವುದೊಂದೇ ಕಸುಬು. ಸಾಮಾನ್ಯವಾಗಿ ನಾಲ್ಕು ಬಾರಿ ಪೊರೆ ಕಳಚಿ, ಐದನೇ ಸಲ ಕಳಚುವಾಗ ಕೋಶವಾಗುತ್ತದೆ. ಮತ್ತೆ ಒಂದೆರಡು ವಾರದಲ್ಲಿ ಕೋಶ ಒಡೆದು ಮುದುಡಿದ ರೆಕ್ಕೆಯ ಚಿಟ್ಟೆ ಹೊರಬಂದು ತಲೆಕೆಳಗಾಗಿ ನೇತಾಡುತ್ತದೆ. ರೆಕ್ಕೆಯ ನರಗಳಿಗೆ ರಸ ತುಂಬಿ, ಒಣಗಿ, ಗಟ್ಟಿಯಾಗಲು ಒಂದೆರಡು ತಾಸು ಬೇಕು. ಆ ಹೊತ್ತಿನಲ್ಲಿ ಕೈ ತಾಗಿ ಕೆಳಗೆ ಬಿದ್ದರೆ ಅದು ಬದುಕಿಡೀ ಹಾರಲಾರದು. ಆ ಬದುಕಾದರೂ ಎಷ್ಟು? ಹೆಚ್ಚಿನ ಜಾತಿಗಳಿಗೆ ಕೆಲವೇ ವಾರ. ಆದ್ದರಿಂದ ಪಾರ್ಕಿನಲ್ಲಿ ಇಂದು ಕಂಡ ಚಿಟ್ಟೆ ಮುಂದಿನ ತಿಂಗಳು ಇರುವುದಿಲ್ಲ. ಮೊಟ್ಟೆಯಿಂದ ಕೋಶದವರೆಗೆ ಸಾಲು ಕಡಿಯದಂತೆ ನೋಡಿಕೊಳ್ಳಬೇಕು.

ಕಾಡಿನಲ್ಲಿ ನೂರು ಮೊಟ್ಟೆಯಿಟ್ಟರೆ ಚಿಟ್ಟೆಯಾಗುವುದು ಬೆರಳೆಣಿಕೆಯಷ್ಟು. ಉಳಿದವು ಇರುವೆ, ಜೇಡ, ಹಲ್ಲಿ, ಹಕ್ಕಿಗಳ ಪಾಲು. ಅವಕ್ಕಿಂತ ಘಾತುಕವಾದದ್ದು ಹುಳುವಿನ ಮೈಯೊಳಗೇ ಮೊಟ್ಟೆಯಿಡುವ ಪುಟ್ಟ ಕಣಜ. ಸಾಕಣೆ ಕೋಣೆಗೆ ಸಣ್ಣ ಕಣ್ಣಿನ ಬಲೆ, ಮೇಜಿನ ಕಾಲಿಗೆ ನೀರಿನ ಬಟ್ಟಲು ಇಡುವುದು ಇದಕ್ಕಾಗಿಯೇ. ಆದರೆ ಒತ್ತೊತ್ತಾಗಿ ಸಾಕಿದಾಗ ರೋಗದ ಭಯ ಬೇರೆ. ವೈರಸ್ ಹೊಕ್ಕರೆ ಹುಳುಗಳು ಕಪ್ಪಾಗಿ, ನೀರಾಗಿ ಜೋತುಬೀಳುತ್ತವೆ. ಹಿಕ್ಕೆ ತೆಗೆಯುವುದು, ಡಬ್ಬಿ ತೊಳೆಯುವುದು, ದಿನಕ್ಕೆ ಹೊಸ ಎಲೆ ಹಾಕುವುದು ಒಂದು ದಿನವೂ ತಪ್ಪುವಂತಿಲ್ಲ. ಭಾನುವಾರ, ಹಬ್ಬ ಎಂದು ಹುಳು ಕಾಯುವುದಿಲ್ಲ.

ಬಲೆಯಿಲ್ಲದ ಬೆಳುವಾಯಿ

ದಕ್ಷಿಣ ಕನ್ನಡದ ಮೂಡುಬಿದಿರೆ ಹತ್ತಿರದ ಬೆಳುವಾಯಿಯಲ್ಲಿ ಸಮ್ಮಿಲನ್ ಶೆಟ್ಟಿ ಅವರು ಹಿಡಿದದ್ದು ಬೇರೆಯೇ ದಾರಿ. ಕುಟುಂಬದ ಏಳು ಎಕರೆ ಚಿಲ್ಲರೆ ಜಾಗದಲ್ಲಿ 2011ರಲ್ಲಿ ಅವರು ಆರಂಭಿಸಿದ ಪಾರ್ಕ್ 2013ರಲ್ಲಿ ಜನರಿಗೆ ತೆರೆಯಿತು. ಇಲ್ಲಿ ಚಾವಣಿ ಇಲ್ಲ, ಬಲೆ ಇಲ್ಲ. ಹುಳು ತಿನ್ನುವ ಗಿಡ ಮತ್ತು ಚಿಟ್ಟೆ ಕುಡಿಯುವ ಹೂವು, ಎರಡನ್ನೂ ಬೆಳೆಸಿ ಸುಮ್ಮನಿರುವುದು. ಬೇಕಾದ ಚಿಟ್ಟೆ ಬರುತ್ತದೆ, ಬೇಡವಾದರೆ ಹೋಗುತ್ತದೆ. ಪಶ್ಚಿಮ ಘಟ್ಟದ ತಪ್ಪಲಾದ್ದರಿಂದ ನೂರಕ್ಕೂ ಹೆಚ್ಚು ಜಾತಿಗಳು ಅಲ್ಲಿ ದಾಖಲಾಗಿವೆ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಅಂಥ ತಪ್ಪಲು ಸೀಮೆಯದೇ. ಅಂಗೈಯಗಲಕ್ಕಿಂತ ದೊಡ್ಡದಾದ ಕಪ್ಪು-ಹಳದಿಯ ಆ ಚಿಟ್ಟೆ ಹಕ್ಕಿಯಂತೆಯೇ ತೇಲುತ್ತದೆ. ಅದರ ಹುಳುವಿಗೂ ಈಶ್ವರಿ ಬಳ್ಳಿಯ ಜಾತಿಯೇ ಬೇಕು.

ಸಂರಕ್ಷಣೆಯ ದೃಷ್ಟಿಯಿಂದ ನೋಡಿದರೆ ಬೆಳುವಾಯಿಯ ದಾರಿಯೇ ಹೆಚ್ಚು ಗಟ್ಟಿ ಎನ್ನಬೇಕು. ಬಲೆಯೊಳಗೆ ಸಾವಿರ ನಿಂಬೆ ಚಿಟ್ಟೆ ಹುಟ್ಟಿಸಿದರೂ ಅಳಿವಿನಂಚಿನ ಒಂದು ಜಾತಿಯೂ ಉಳಿಯುವುದಿಲ್ಲ. ಏಕೆಂದರೆ ಪಾರ್ಕುಗಳಲ್ಲಿ ಸಾಕುವುದು ಸುಲಭವಾಗಿ ಬದುಕುವ ಜಾತಿಗಳನ್ನೇ. ಹಾಗೆಂದು ಗಾಜಿನ ಮನೆ ವ್ಯರ್ಥವಲ್ಲ. ಹುಳುವನ್ನು ಕಂಡರೆ ಚಪ್ಪಲಿ ಎತ್ತುತ್ತಿದ್ದ ಮಗು ಅದೇ ಹುಳು ಚಿಟ್ಟೆಯಾಗುವುದನ್ನು ಕಣ್ಣಾರೆ ನೋಡುವುದು ಅಲ್ಲಿ ಮಾತ್ರ ಸಾಧ್ಯ. ಯಾವ ಚಿಟ್ಟೆಗೆ ಯಾವ ಗಿಡ ಎಂಬ ಅರಿವೂ ಅಲ್ಲಿ ಕೂಡಿಬರುತ್ತದೆ.

ಆ ಅರಿವಿನ ಬೆಲೆ ಏನೆಂಬುದಕ್ಕೆ ಆಸ್ಟ್ರೇಲಿಯಾದ ಉದಾಹರಣೆ ಸಾಕು. ಅಲ್ಲಿನ ರಿಚ್ಮಂಡ್ ಬರ್ಡ್‌ವಿಂಗ್ ಚಿಟ್ಟೆ ಕಡಿಮೆಯಾಗಲು ಕಾಡು ನಾಶ ಒಂದು ಕಾರಣವಾದರೆ, ಜನ ಮನೆಯಂಗಳದಲ್ಲಿ ಅಂದಕ್ಕೆಂದು ಬೆಳೆಸಿದ ಅಮೆರಿಕ ಮೂಲದ ಒಂದು ಬಳ್ಳಿ ಇನ್ನೊಂದು. ಈಶ್ವರಿ ಬಳ್ಳಿಯ ದಾಯಾದಿಯಾದ ಅದನ್ನು ತನ್ನದೇ ಬಳ್ಳಿಯೆಂದು ನಂಬಿ ಹೆಣ್ಣು ಚಿಟ್ಟೆ ಮೊಟ್ಟೆಯಿಡುತ್ತಿತ್ತು. ಎಲೆ ತಿಂದ ಹುಳುಗಳು ವಿಷವೇರಿ ಸಾಯುತ್ತಿದ್ದವು. 1990ರ ದಶಕದಲ್ಲಿ ಶಾಲಾ ಮಕ್ಕಳು, ಊರವರು ಸೇರಿ ಆ ಬಳ್ಳಿ ಕಿತ್ತು ಕಾಡಿನ ಮೂಲ ಬಳ್ಳಿ ನೆಟ್ಟರು. ಚಿಟ್ಟೆ ಉಳಿಸಲು ಹೊರಟವರು ಮುಟ್ಟಿದ್ದು ಚಿಟ್ಟೆಯನ್ನಲ್ಲ, ಗಿಡವನ್ನು.

ಕೀನ್ಯಾದಲ್ಲಿ ಇನ್ನೂ ಮುಂದೆ ಹೋಗಿದ್ದಾರೆ. ಕಡಲತೀರದ ಅರಬುಕೊ-ಸೊಕೊಕೆ ಕಾಡಿನ ಪಕ್ಕದ ರೈತರಿಗೆ ಆನೆ, ಬಬೂನುಗಳ ಕಾಟ. ಕಾಡು ಕಡಿದು ಹೊಲ ಕೊಡಿ ಎಂಬುದು ಅವರ ಬೇಡಿಕೆಯಾಗಿತ್ತು. 1993ರಲ್ಲಿ ಆರಂಭವಾದ 'ಕಿಪೆಪಿಯೊ' ಯೋಜನೆ ಅವರಿಗೆ ಚಿಟ್ಟೆಯ ಕೋಶ ಬೆಳೆಯಲು ಕಲಿಸಿತು. ಸ್ವಾಹಿಲಿಯಲ್ಲಿ ಕಿಪೆಪಿಯೊ ಎಂದರೆ ಚಿಟ್ಟೆ. ಕೋಶಗಳು ವಿಮಾನದಲ್ಲಿ ಯುರೋಪಿನ ಚಿಟ್ಟೆ ಮನೆಗಳಿಗೆ ಹೋಗುತ್ತವೆ, ಹಣ ಹಳ್ಳಿಗೆ ಬರುತ್ತದೆ. ತಾಯಿ ಚಿಟ್ಟೆ ಕಾಡಿನಿಂದಲೇ ಬರಬೇಕಾದ್ದರಿಂದ ಕಾಡು ಇರಲಿ ಎನ್ನುವವರು ಹೆಚ್ಚಾದರು. ಇದನ್ನು ಓದಿ ಇಲ್ಲಿ ಯಾರೂ ಕೋಶ ಮಾರಲು ಹೊರಡಬಾರದು! ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗಳಲ್ಲಿ ಅನೇಕ ಚಿಟ್ಟೆಗಳಿವೆ. ಅವುಗಳನ್ನು ಹಿಡಿಯುವುದು, ಮಾರುವುದು ಅಪರಾಧ.

ನೀಲಗಿರಿಯ ಮಾತೇ ಬೇರೆ

ಚಿಟ್ಟೆ ಅಧ್ಯಯನದಲ್ಲಿ ನೀಲಗಿರಿಗೆ ದೊಡ್ಡ ಹೆಸರಿದೆ. ಇಂಗ್ಲಿಷ್ ಟೀ ಬೆಳೆಗಾರ ಹ್ಯಾಂಪ್ಸನ್ 1888ರಲ್ಲೇ ಜಿಲ್ಲೆಯ ಚಿಟ್ಟೆಗಳ ಪಟ್ಟಿ ಪ್ರಕಟಿಸಿದ್ದ. ನೂರು ವರ್ಷದ ನಂತರ ಡೆನ್ಮಾರ್ಕಿನ ಟಾರ್ಬೆನ್ ಲಾರ್ಸೆನ್ ಮತ್ತೆ ಎಣಿಸಿ ಸುಮಾರು 300 ಜಾತಿಗಳನ್ನು ಹೆಸರಿಸಿದ. ಇವರಿಬ್ಬರ ನಡುವೆ ಬಂದವನು ವಿಂಟರ್-ಬ್ಲೈತ್. ಕೇತಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಈತ ಬರೆದ ಭಾರತದ ಚಿಟ್ಟೆಗಳ ಪುಸ್ತಕ 1957ರಲ್ಲಿ ಅಚ್ಚಾಯಿತು. ದಶಕಗಳ ಕಾಲ ಚಿಟ್ಟೆ ಗುರುತಿಸುವವರ ಕೈಯಲ್ಲಿದ್ದದ್ದು ಅದೇ. ಇಂದು ಅವನ ಹೆಸರಿನಲ್ಲೇ ಕೂನೂರಿನಲ್ಲಿ ಚಿಟ್ಟೆ ಆಸಕ್ತರ ಸಂಘವೊಂದಿದೆ.

ಆದರೆ ಎಮರಾಲ್ಡಿನ ಎತ್ತರ ಸುಮಾರು 2,000 ಮೀಟರ್. ಡಿಸೆಂಬರ್, ಜನವರಿಯಲ್ಲಿ ತಮಿಳಿನಲ್ಲಿ ಉರೈಪನಿ ಎನ್ನುವ ಹಿಮ ಬಿದ್ದು ಹುಲ್ಲು ಬೆಳ್ಳಗಾಗುತ್ತದೆ. ಬಯಲುಸೀಮೆಯ ಚಿಟ್ಟೆಗಳನ್ನು ಇಲ್ಲಿ ಗಾಜಿನ ಮನೆಯಲ್ಲಿ ಸಾಕಬೇಕೆಂದರೆ ವರ್ಷದ ಬಹುಪಾಲು ಹೀಟರ್ ಹಾಕಬೇಕು. ಅವು 25 ಡಿಗ್ರಿ ಆಸುಪಾಸಿನ ಬೆಚ್ಚಗಿನ, ತೇವದ ಗಾಳಿ ಬೇಡುವ ಜೀವಗಳು. ವಿದ್ಯುತ್ತಿಗಾಗಿ ಅಣೆ ಕಟ್ಟಿಸಿಕೊಂಡ ಊರಿನಲ್ಲಿ ಅದೇ ವಿದ್ಯುತ್ತಿನಿಂದ ಕರಿಬೇವಿನ ಚಿಟ್ಟೆಗೆ ಬೆಂಕಿ ಕಾಯಿಸುವುದು ತಮಾಷೆಯ ಮಾತಾದೀತು.

ಇಲ್ಲಿನ ನಿಜವಾದ ಸಂಪತ್ತು ಬೇರೆ. ನೀಲಗಿರಿ ಟೈಗರ್ ಎಂಬ ಕಪ್ಪು-ಬಿಳಿ ಗೆರೆಯ ಚಿಟ್ಟೆ ದಕ್ಷಿಣ ಭಾರತದ ಎತ್ತರದ ಶೋಲಾ ಕಾಡುಗಳ ಅಂಚಿನಲ್ಲಲ್ಲದೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ನೀಲಗಿರಿ ಕ್ಲೌಡೆಡ್ ಯೆಲ್ಲೊ ಎಂಬ ಹಳದಿ ಚಿಟ್ಟೆ ಹುಲ್ಲುಗಾವಲಿನದು, ನೆಲಕ್ಕಂಟಿ ಬೆಳೆಯುವ ಮೂರೆಲೆಯ ಕ್ಲೋವರ್ ಜಾತಿಯ ಸೊಪ್ಪನ್ನು ಅದರ ಹುಳು ತಿನ್ನುತ್ತದೆ. ಕೆಂಪು ಪಟ್ಟಿಯ ಇಂಡಿಯನ್ ರೆಡ್ ಅಡ್ಮಿರಲ್‌ಗೆ ಬೇಕಾದದ್ದು, ನಂಬಿದರೆ ನಂಬಿ, ಮೈಗೆ ತಾಗಿದರೆ ಉರಿಯೇಳುವ ತುರಚಿ ಗಿಡ. ನಾವು ಕಂಡ ತಕ್ಷಣ ಕತ್ತಿಯಿಂದ ಸವರಿ ಎಸೆಯುವ ಗಿಡ ಅದು.

ಬ್ರಿಟಿಷರ ಕಾಲದಿಂದ ವಾಟಲ್, ನೀಲಗಿರಿ ಮರ, ಪೈನ್ ನೆಟ್ಟು ಈ ಹುಲ್ಲುಗಾವಲಿನ ಬಹುಭಾಗ ಮುಚ್ಚಿಹೋಗಿದೆ. ಉಳಿದ ಕಡೆ ಟೀ ಮತ್ತು ತರಕಾರಿ. ಮಸಣಗುಡಿ ಕಡೆ ಇಳಿದರೆ ಲಂಟಾನಾ, ತಮಿಳರ ಉನ್ನಿಚ್ಚೆಡಿ. ಲಂಟಾನಾ ಹೂವಿಗೆ ಚಿಟ್ಟೆ ಮುತ್ತುವುದನ್ನು ನೋಡಿ ಅದು ಚಿಟ್ಟೆಗೆ ಒಳ್ಳೆಯದೆಂದು ವಾದಿಸುವವರಿದ್ದಾರೆ. ದೊಡ್ಡ ಚಿಟ್ಟೆಗೆ ಅದು ಹೋಟೆಲ್ ಹೌದು, ಆದರೆ ನಮ್ಮ ಚಿಟ್ಟೆಗಳ ಹುಳುವಿಗೆ ಅಲ್ಲಿ ಊಟವಿಲ್ಲ. ಅದರ ಪೊದೆಯಡಿ ಹುಳು ತಿನ್ನುವ ಗಿಡಗಳು ಏಳುವುದೂ ಇಲ್ಲ.

ಇನ್ನು ಕೋಸಿನ ಪ್ರಶ್ನೆ. ಹೊಲದ ಮೇಲೆ ಹಾರುವ ಬಿಳಿ ಚಿಟ್ಟೆ ಇಂಡಿಯನ್ ಕ್ಯಾಬೇಜ್ ವೈಟ್. ಅದರ ಹುಳು ಕೋಸು ತಿನ್ನುವುದು ನಿಜ. ಆದರೆ ರೈತನ ಮುಖ್ಯ ಶತ್ರು ಅದಲ್ಲ, ವಜ್ರಬೆನ್ನಿನ ಪತಂಗ ಎಂಬ ಬೂದು ಬಣ್ಣದ ಕಿರು ಪತಂಗ. ಹಗಲು ಎಲೆಯಡಿ ಅಡಗುವ ಅದು ಕಣ್ಣಿಗೆ ಬೀಳುವುದಿಲ್ಲ, ಬಿಳಿ ಚಿಟ್ಟೆ ಬೀಳುತ್ತದೆ. ಬೈಗುಳ ತಿನ್ನುವುದು ಚಿಟ್ಟೆ! ಮದ್ದಿಗೆ ಬಹುಬೇಗ ಒಗ್ಗಿಕೊಳ್ಳುವುದರಲ್ಲಿ ಈ ಪತಂಗ ಜಗತ್ಪ್ರಸಿದ್ಧ. ಅದರ ಹುಳುವಿನೊಳಗೆ ಮೊಟ್ಟೆಯಿಟ್ಟು ಕೊಲ್ಲುವ 'ಡಯಾಡೆಗ್ಮಾ' ಎಂಬ ಕಣಜ ತಂಪು ಸೀಮೆಯದು, ನೀಲಗಿರಿಯ ಕೋಸಿನ ಹೊಲಗಳಲ್ಲಿ ಅದು ನೆಲೆಸಿರುವುದು ದಾಖಲಾಗಿದೆ. ಪದೇ ಪದೇ ಕಂಡಂತೆ ಮದ್ದು ಹೊಡೆದರೆ ಮೊದಲು ಸಾಯುವುದು ಈ ಕಣಜ. ಪತಂಗ ಮರಳಿ ಬರುತ್ತದೆ, ಕಣಜ ಬರುವುದಿಲ್ಲ. ಬಿಸಿಲೇರುವ ಮೊದಲು ನಾಲ್ಕಾರು ಗಿಡದ ಎಲೆ ಮಗುಚಿ ನೋಡಿ, ಹುಳು ಎಷ್ಟಿದೆ ಎಂದು ತಿಳಿದು ಆಮೇಲೆ ಮದ್ದಿನ ಮಾತಾಡಿದರೆ ಜೇಬಿಗೂ ಹಗುರ.

ಹಾಗಾದರೆ ಎಮರಾಲ್ಡಿನಲ್ಲಿ ಏನು ಸಾಧ್ಯ? ಬೆಳುವಾಯಿಯಂತೆ ಬಲೆಯಿಲ್ಲದ ಜಾಗ ಇಲ್ಲೂ ಆದೀತು. ಅದಕ್ಕೆ ಎಕರೆಗಟ್ಟಲೆ ಬೇಕಿಲ್ಲ. ತೋಟದ ಬೇಲಿಸಾಲು, ತೊರೆಯ ದಂಡೆ, ಶಾಲೆಯ ಹಿಂದಿನ ಬರಡು ಮೂಲೆ ಸಾಕು. ಅಲ್ಲಿ ಕಳೆನಾಶಕ ಹೊಡೆಯದೆ ತುರಚಿ, ಕ್ಲೋವರ್, ಕಾಡು ವಯೊಲೆಟ್, ಮುಳ್ಳಿನ ಸ್ಮೈಲ್ಯಾಕ್ಸ್ ಬಳ್ಳಿ ಇರಗೊಟ್ಟರೆ ನೆಟ್ಟದ್ದಕ್ಕಿಂತ ಹೆಚ್ಚು ಫಲ. ತೊರೆಯಂಚಿನ ಒದ್ದೆ ಮಣ್ಣಿನ ಮೇಲೆ ಚಿಟ್ಟೆಗಳು ಗುಂಪಾಗಿ ಕೂರುವುದು ನೀರಡಿಕೆಗಲ್ಲ, ಮಣ್ಣಿನ ಉಪ್ಪಿಗೆ. ಅಲ್ಲಿ ಸೋಪಿನ ನೀರು, ಮದ್ದಿನ ಡಬ್ಬಿ ತೊಳೆಯದಿದ್ದರೆ ಸಾಕು.

ನೀಲಗಿರಿಯ ಇನ್ನೊಂದು ನೋಟಕ್ಕೆ ಟಿಕೆಟ್ಟೇ ಇಲ್ಲ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಪೂರ್ವ ಘಟ್ಟದ ಗುಡ್ಡಗಳಿಂದ ಬ್ಲೂ ಟೈಗರ್, ಕ್ರೋ ಜಾತಿಯ ಚಿಟ್ಟೆಗಳು ಸಾವಿರಗಟ್ಟಲೆ ಪಶ್ಚಿಮಕ್ಕೆ ವಲಸೆ ಬರುತ್ತವೆ. ಮುಂಗಾರಿಗೆ ಮುಂಚೆ ಎದುರು ದಿಕ್ಕಿನ ಪಯಣ. ದಾರಿಯಲ್ಲಿ ಗಿಲಕಿಯಂತೆ ಸದ್ದು ಮಾಡುವ ಕಾಯಿಯ ಕ್ರೊಟಲೇರಿಯಾ ಗಿಡ ಸಿಕ್ಕರೆ ಗೊಂಚಲುಗೊಂಚಲಾಗಿ ಮುತ್ತಿ ರಸ ಹೀರುತ್ತವೆ. ಆ ಗಿಡದ ಕಹಿ ರಾಸಾಯನಿಕವೇ ಗಂಡಿಗೆ ಹೆಣ್ಣನ್ನು ಸೆಳೆಯುವ ಪರಿಮಳದ ಕಚ್ಚಾ ವಸ್ತು.

ತಮಿಳುನಾಡು 2019ರಲ್ಲಿ ತನ್ನ ರಾಜ್ಯ ಚಿಟ್ಟೆಯಾಗಿ ಆರಿಸಿಕೊಂಡದ್ದು ತಮಿಳ್ ಯೋಮನ್, ಅಂದರೆ 'ತಮಿಳ್ ಮರವನ್'. ಅದೂ ಪಶ್ಚಿಮ ಘಟ್ಟದ್ದೇ. ಬರ್ಲಿಯಾರ್ ಕಡೆಯ ತಗ್ಗಿನ ಕಾಡಿನಲ್ಲಿ ಕಿತ್ತಳೆ-ಕಂದು ಬಣ್ಣದ ಈ ಚಿಟ್ಟೆಯನ್ನು ಹುಡುಕಬಹುದು. ಪಾರ್ಕನ್ನೇ ನೋಡಬೇಕೆನ್ನುವವರು ಬನ್ನೇರುಘಟ್ಟ, ಶ್ರೀರಂಗ ಎರಡಕ್ಕೂ ಮಂಗಳವಾರ ರಜೆ ಎಂಬುದನ್ನು ನೆನಪಿಡಬೇಕು. ಮಳೆ ನಿಂತ ಮೇಲಿನ ತಿಂಗಳುಗಳಲ್ಲಿ, ಬಿಸಿಲು ಬಂದ ಬೆಳಿಗ್ಗೆ ಒಂಬತ್ತು ಹತ್ತರ ಹೊತ್ತಿಗೆ ಹೋದರೆ ಒಳ್ಳೆಯದು. ಮೋಡವಿದ್ದರೆ ಅವು ಎಲೆಯಡಿಯಿಂದ ಹೊರಗೇ ಬರುವುದಿಲ್ಲ.