ಆಟ ಕಟ್ಟುವ ವಿದ್ಯೆ: ಪದವಿಯೋ, ಪ್ರಮಾಣಪತ್ರವೋ?

ಹನ್ನೆರಡನೆಯ ತರಗತಿಯ ಫಲಿತಾಂಶ ಹೊರಬಿದ್ದೊಡನೆ ಮುಂಬಯಿ, ಪುಣೆಗಳ ಕನ್ನಡ ಮನೆಗಳಲ್ಲಿಯೂ ಈಗ ಹೊಸ ಚರ್ಚೆಯೊಂದು ಕೇಳಿಬರುತ್ತದೆ. ಕಂಪ್ಯೂಟರ್ ಆಟಗಳನ್ನು ನಿರ್ಮಿಸುವ ವಿದ್ಯೆಯನ್ನೇ ಕಲಿಯುವೆನೆಂದು ಮಗನ ಹಟ, ಮೊದಲು ಬಿ.ಇ. ಮುಗಿಯಲೆಂದು ತಂದೆಯ ಪಟ್ಟು. ಆಟದಿಂದ ಹೊಟ್ಟೆ ತುಂಬೀತೇ ಎಂದು ಅಜ್ಜಿ ಕೇಳುವುದೂ ಉಂಟು. ಅಜ್ಜಿಗೆ ಉತ್ತರ ಸುಲಭ: ತುಂಬೀತು. ತಂದೆಯ ಚಿಂತೆಯೇ ಕಠಿಣವಾದುದು.

ಈ ವಿದ್ಯೆಗೆಂದೇ ಹುಟ್ಟಿದ ಸಂಸ್ಥೆಗಳಲ್ಲಿ ಹೆಸರಾದುದು ಡಿಜಿಪೆನ್. 1988ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಆರಂಭವಾಗಿ, ಅನಂತರ ಅಮೆರಿಕದ ರೆಡ್ಮಂಡ್ ಪಟ್ಟಣದಲ್ಲಿ ನೆಲೆಯೂರಿದ ಈ ಸಂಸ್ಥೆಯ ವಿದ್ಯಾರ್ಥಿಗಳು 2005ರಲ್ಲಿ ‘ನಾರ್ಬ್ಯಾಕ್ಯುಲರ್ ಡ್ರಾಪ್’ ಎಂಬ ಪುಟ್ಟ ಆಟವನ್ನು ರಚಿಸಿದರು. ಒಂದು ಗೋಡೆಯ ಬಾಗಿಲನ್ನು ಹೊಕ್ಕರೆ ಬೇರೆಲ್ಲಿಯೋ ಇರುವ ಇನ್ನೊಂದು ಬಾಗಿಲಿನಿಂದ ಹೊರಬೀಳುವುದು ಅದರ ಚಮತ್ಕಾರ. ಅದನ್ನು ಕಂಡ ವಾಲ್ವ್ ಕಂಪನಿಯು ಆ ತಂಡವನ್ನೇ ಕೆಲಸಕ್ಕೆ ಕರೆದುಕೊಂಡಿತು. ಅದೇ ಕಲ್ಪನೆ ಬೆಳೆದು 2007ರಲ್ಲಿ ‘ಪೋರ್ಟಲ್’ ಎಂಬ ಜಗತ್ಪ್ರಸಿದ್ಧ ಆಟವಾಯಿತು. ಮಕ್ಕಳು ಮನೆಯಲ್ಲಿ ಮುಂದಿಡುವುದು ಇಂಥ ಉದಾಹರಣೆಗಳನ್ನೇ. ಆದರೆ ಡಿಜಿಪೆನ್ ಕೊಡುವುದೂ ಪದವಿಯೇ. ಅಲ್ಲಿ ಪ್ರೋಗ್ರಾಮಿಂಗ್ ಕಲಿಯುವವನಿಗೆ ಬೀಜಗಣಿತ, ಕಲನಶಾಸ್ತ್ರ, ಭೌತಶಾಸ್ತ್ರಗಳಿಂದ ಬಿಡುಗಡೆಯಿಲ್ಲ. ಹೆಸರು ಹೊಸದು, ಓದು ಹಳೆಯದೇ.

ನಮ್ಮ ನಗರಗಳಲ್ಲಿ ದೊಡ್ಡ ಫಲಕ ಹಾಕಿಕೊಂಡ ಎಲ್ಲ ಸಂಸ್ಥೆಗಳ ಮಾತು ಹಾಗಲ್ಲ. ಎಷ್ಟೋ ಕಡೆ ದೊರೆಯುವುದು ಒಂದೆರಡು ವರ್ಷಗಳ ಪ್ರಮಾಣಪತ್ರ. ಕಲಿಸುವುದು ಯೂನಿಟಿಯನ್ನೋ ಅನ್ರಿಯಲನ್ನೋ ಬಳಸುವ ಕೈಚಳಕ. ಒಂದು ಕಾಲಕ್ಕೆ ಫ್ಲ್ಯಾಷ್ ಕಲಿತವರಿಗೂ ಹೀಗೆಯೇ ಬೇಡಿಕೆಯಿತ್ತು. 2020ರ ಕೊನೆಗೆ ಅಡೋಬಿ ಕಂಪನಿ ಅದಕ್ಕೆ ನೀಡುತ್ತಿದ್ದ ಬೆಂಬಲವನ್ನೇ ನಿಲ್ಲಿಸಿತು. ಮೇಲಾಗಿ, ಹುಡುಗನ ಮನಸ್ಸು ಬದಲಾದರೆ ಬರಿಯ ಪ್ರಮಾಣಪತ್ರದಿಂದ ಬ್ಯಾಂಕಿನ ಅಧಿಕಾರಿಯ ಪರೀಕ್ಷೆಗಾಗಲಿ ಸ್ನಾತಕೋತ್ತರ ವ್ಯಾಸಂಗಕ್ಕಾಗಲಿ ಅರ್ಹತೆ ಬಾರದು.

ಇನ್ನು ಸಾಲದ ವಿಚಾರ. ಶಿಕ್ಷಣ ಸಾಲದ ಪತ್ರಕ್ಕೆ ತಂದೆಯೂ ಸಹ-ಸಾಲಗಾರನಾಗಿ ರುಜು ಹಾಕಬೇಕಾಗುತ್ತದೆ. ಓದು ಮುಗಿಯುವವರೆಗೆ ಕಂತಿನ ಬಾಧೆ ಇಲ್ಲದಿದ್ದರೂ ಬಡ್ಡಿ ಸುಮ್ಮನೆ ಕೂಡುವುದಿಲ್ಲ. ಕಂತು ಆರಂಭವಾಗುವ ದಿನ 8 ಲಕ್ಷ ರೂಪಾಯಿ ಬಾಕಿಯಿದೆ ಎಂದಿಟ್ಟುಕೊಳ್ಳೋಣ. ಶೇಕಡಾ 10ರ ದರದಲ್ಲಿ 10 ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 10,570 ರೂಪಾಯಿ ಬೇಕು. ಒಟ್ಟು ತೆರುವುದು 12 ಲಕ್ಷ 68 ಸಾವಿರಕ್ಕೂ ಮೇಲು. ಈ ಉದ್ಯಮದ ಸಂಬಳವಾದರೋ ಏರಿಳಿತದ್ದು. 2024ರ ಜನವರಿಯೊಂದರಲ್ಲೇ ಯೂನಿಟಿ ಸುಮಾರು 1,800 ಮಂದಿಯನ್ನೂ ಮೈಕ್ರೋಸಾಫ್ಟ್ ತನ್ನ ಆಟದ ವಿಭಾಗದಿಂದ ಸುಮಾರು 1,900 ಮಂದಿಯನ್ನೂ ತೆಗೆಯುವುದಾಗಿ ಸಾರಿದವು. ಕೆಲಸ ಹೋದರೂ ಕಂತಿನ ತಾರೀಖು ತಪ್ಪದು.

ಹಾಗೆಂದು ಹುಡುಗನ ಆಸೆಯನ್ನು ಚಿವುಟಬೇಕಾಗಿಲ್ಲ. ಪ್ರೋಗ್ರಾಮಿಂಗ್‌ನಲ್ಲಿ ಒಲವಿದ್ದರೆ ಕಂಪ್ಯೂಟರ್ ವಿಜ್ಞಾನದ ಪದವಿ, ಚಿತ್ರದಲ್ಲಿ ಕೈ ಓಡಿದರೆ ಲಲಿತಕಲೆಯ ಪದವಿ. ಜೊತೆಯಲ್ಲಿ ರಜೆಯ ದಿನಗಳಲ್ಲಿ ಒಂದಾದರೂ ಚಿಕ್ಕ ಆಟವನ್ನು ಪೂರ್ತಿಯಾಗಿ ಕಟ್ಟಿ ಮುಗಿಸುವುದು. ವಾಲ್ವ್ ಕಂಪನಿ ಕಂಡು ಮೆಚ್ಚಿದ್ದು ಅಂಥ ಮುಗಿದ ಕೆಲಸವನ್ನೇ. ಪದವಿಯ ತರುವಾಯವೂ ಒಲವು ಉಳಿದರೆ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆಂಗಳೂರು ಕೇಂದ್ರದಲ್ಲಿ ಡಿಜಿಟಲ್ ಆಟಗಳ ವಿನ್ಯಾಸದಲ್ಲಿಯೇ ಸ್ನಾತಕೋತ್ತರ ಶಿಕ್ಷಣವಿದೆ.

ವಿಶೇಷ ಸಂಸ್ಥೆಯೇ ಬೇಕೆಂದಾದಲ್ಲಿ ಪಾಲಕರು ಶುಲ್ಕ ಕಟ್ಟುವ ಮೊದಲು ಎರಡನ್ನು ಕೇಳಿ ನೋಡಬೇಕು. ಪದವಿ ಕೊಡುವ ವಿಶ್ವವಿದ್ಯಾನಿಲಯ ಯಾವುದು, ಅದು ಯು.ಜಿ.ಸಿ.ಯ ಪಟ್ಟಿಯಲ್ಲಿದೆಯೇ? ಹೋದ ವರ್ಷದ ವಿದ್ಯಾರ್ಥಿಗಳು ಕಟ್ಟಿದ ಆಟಗಳು ಎಲ್ಲಿವೆ? ಆಟಗಳನ್ನು ಬಿಟ್ಟು ಹವಾನಿಯಂತ್ರಿತ ಕೊಠಡಿಯನ್ನೂ ಹೊಸ ಯಂತ್ರಗಳನ್ನೂ ಮಾತ್ರ ತೋರಿಸಿದರೆ, ಚೆಕ್ ಪುಸ್ತಕ ಜೇಬಿನಲ್ಲಿಯೇ ಇರಲಿ.